ಹಾಸ್ಟೆಲ್ಲೋ, ಪೀಜಿಯೋ, ಬಾಡಿಗೆ ಮನೆಯೋ: ಮೈಸೂರಿಗೆ ಓದಲು ಬರುವ ಹುಡುಗಿಯರಿಗೆ

ಪಿಯುಸಿ ರಿಸಲ್ಟ್ ಬಂದ ವಾರದಿಂದ ನಮ್ಮೂರ ಕಡೆಯ ಫೋನುಗಳು ಶುರುವಾಗುತ್ತವೆ. "ಅಕ್ಕ, ಮೈಸೂರಲ್ಲಿ ಎಲ್ಲಿರೋದು? ಹಾಸ್ಟೆಲ್ ಚೆನ್ನಾಗಿರ್ತದಾ, ಪೀಜಿ ವಾಸೀನಾ?" ಅಂತ ಹುಡುಗಿ ಕೇಳುತ್ತಿರುವಾಗಲೇ ಹಿಂದೆ ಅವಳ ಅಮ್ಮ ಕೆಮ್ಮಿದ್ದು ಕೇಳಿಸುತ್ತದೆ. ಸ್ಪೀಕರ್ ಆನ್ ಇದೆ ಅಂತ ಅರ್ಥ. ಆಗ ನಾನು "ಹಾಸ್ಟೆಲ್ಲೇ ಸೇಫು ಕಣವ್ವ" ಅಂತ ಗಟ್ಟಿಯಾಗಿ ಹೇಳಿ, ಅರ್ಧ ಗಂಟೆ ಬಿಟ್ಟು ಅವಳೊಬ್ಬಳಿಗೇ ವಾಟ್ಸಾಪಿನಲ್ಲಿ ಉಳಿದದ್ದನ್ನು ಬರೆಯುತ್ತೇನೆ. ಇಲ್ಲಿ ಎರಡನ್ನೂ ಒಟ್ಟಿಗೆ ಬರೆದಿದ್ದೇನೆ. ಅಮ್ಮಂದಿರೂ ಓದಲಿ.

ಪಾಂಡವಪುರ ತಾಲ್ಲೂಕಿನ ಹಳ್ಳಿಯಿಂದ 2018ರಲ್ಲಿ ಬಿಎಗೆ ಬಂದವಳು ನಾನು. ಎಂಎ ಮುಗಿಸುವಷ್ಟರಲ್ಲಿ ನೆಂಟರ ಮನೆ, ಸರ್ಕಾರಿ ಹಾಸ್ಟೆಲ್, ಪೀಜಿ, ಬಾಡಿಗೆ ಮನೆ ನಾಲ್ಕರ ನೀರನ್ನೂ ಕುಡಿದಿದ್ದೆ. ಜಾಗ ನೋಡಲು ಹೋದವರೆಲ್ಲ ಬಾಡಿಗೆ ಎಷ್ಟು, ಊಟ ಹೇಗೆ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಬೀಗದ ಕೈ ಯಾರ ಹತ್ತಿರ ಇರುತ್ತದೆ? ರೂಮಿನದ್ದು ಯಾರ ಹತ್ತಿರ, ಗೇಟಿನದ್ದು ಯಾರ ಹತ್ತಿರ, ಅಡುಗೆಮನೆಯದ್ದು ಯಾರ ಹತ್ತಿರ? ಇಷ್ಟು ಗೊತ್ತಾದರೆ ಆ ಜಾಗದಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದಂತೆ.

ಮಂಡ್ಯದಿಂದಲೇ ಓಡಾಡಿದರೆ ಆಗದಾ?

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಡಿಗ್ರಿವರೆಗಿನ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಓಡಾಡಲು ರೈಲ್ವೆಯವರು ಎರಡನೇ ದರ್ಜೆಯ ತಿಂಗಳ ಪಾಸನ್ನು ಉಚಿತವಾಗಿ ಕೊಡುತ್ತಾರೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಕಾಲೇಜಿನಿಂದ ಸರ್ಟಿಫಿಕೇಟ್ ಬರೆಸಿಕೊಂಡು ಹೋಗಬೇಕು. ಬಸ್ಸಿಗಾದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಟಿಕೆಟ್ ಸೊನ್ನೆ. (ನಾನು ಓದು ಮುಗಿಸುವ ಹೊತ್ತಿಗೆ ಬಂತು, ನನ್ನ ಹೊಟ್ಟೆ ಉರಿ ಯಾರಿಗೆ ಹೇಳಲಿ.) ರಾಜಹಂಸ, ಐರಾವತಕ್ಕೆ ಅದು ಇಲ್ಲ. ಹೊಸ ಹೆದ್ದಾರಿ ಆದಮೇಲೆ ಕೆಲವು ಬಸ್ಸುಗಳು ಬೈಪಾಸಿನಲ್ಲೇ ಹೊರಟುಹೋಗುತ್ತವೆ, ಹತ್ತುವ ಮೊದಲು "ಮಂಡ್ಯ ಒಳಗೆ ಹೋಗ್ತದಾ?" ಅಂತ ಕೇಳಿಕೊಳ್ಳಿ.

ಮಹಾರಾಣಿ, ಯುವರಾಜ ಕಾಲೇಜಿನ ಕಡೆಯಾದರೆ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು, ಆಗ ಈ ಓಡಾಟಕ್ಕೆ ಅರ್ಥ ಇದೆ. ಗೋಕುಲಂ, ಬೋಗಾದಿ ಕಡೆ ಕಾಲೇಜಾದರೆ ಇನ್ನೊಂದು ಸಿಟಿ ಬಸ್ಸು ಸೇರಿ ಸಂಜೆಗೆ ಮೈ ನುಗ್ಗಾಗುತ್ತದೆ. ಇನ್ನೊಂದು ವಿಷಯ. ಓಡಾಡುವ ಹುಡುಗಿಗೆ ಮನೆಯವರು ಕೆಲಸದಿಂದ ರಿಯಾಯಿತಿ ಕೊಡುವುದಿಲ್ಲ. ಏಳು ಗಂಟೆಗೆ ಮನೆ ಸೇರಿದರೂ ಪಾತ್ರೆ ಕಾಯುತ್ತಾ ಕೂತಿರುತ್ತವೆ. ಅವಳ ತಮ್ಮನೂ ಅದೇ ರೈಲಿನಲ್ಲಿ ಬಂದಿರುತ್ತಾನೆ, ಅವನಿಗೆ ಮಾತ್ರ ಸುಸ್ತಾಗಿರುತ್ತದೆ.

ನೆಂಟರ ಮನೆ

"ಮೈಸೂರಲ್ಲಿ ನಮ್ಮೋರೇ ಇರೋವಾಗ ಹಾಸ್ಟೆಲ್ ಯಾಕೆ?" ಅಂತ ಅಪ್ಪ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ನಾನೂ ಹಾಗೇ ಹೋದೆ, ದೂರದ ಸಂಬಂಧದ ಅತ್ತೆಯ ಮನೆಗೆ. ಎರಡು ತಿಂಗಳು. ಕೆಟ್ಟವರಲ್ಲ, ಬಿಸಿ ಅನ್ನ ಹಾಕಿದರು. ಆದರೆ ದುಡ್ಡು ತೆಗೆದುಕೊಳ್ಳದ ಜಾಗದಲ್ಲಿ ಲೆಕ್ಕ ಬೇರೆ ಥರ ನಡೆಯುತ್ತದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಮೊದಲ ವಾರ ನನ್ನ ಸಂಕೋಚದಿಂದ ಶುರುವಾಯಿತು, ಎರಡನೇ ವಾರಕ್ಕೆ ನನ್ನ ಡ್ಯೂಟಿ ಆಯಿತು. ಮುಟ್ಟಾದಾಗ ಅಡುಗೆಮನೆಗೆ ಹೋಗುವ ಹಾಗಿರಲಿಲ್ಲ, ಹಾಗಾಗಿ ಯಾವ ತಾರೀಕು ಅನ್ನುವುದು ಮನೆಯ ಮಾವನಿಗೂ ಗೊತ್ತಾಗುತ್ತಿತ್ತು. ಲೈಬ್ರರಿಯಿಂದ ಏಳಕ್ಕೆ ಬಂದರೆ ಏಳೂವರೆಗೆ ಅಪ್ಪನ ಫೋನು: "ಎಲ್ಲಿಗೆ ಹೋಗಿದ್ದೆ?"

ಅಲ್ಲಿ ನನ್ನ ಹತ್ತಿರ ಬೀಗದ ಕೈ ಇರಲಿಲ್ಲ. ಬೀಗ ಹಾಕಿದ್ದರೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ನೆಂಟರ ಮನೆ ಬೇರೆ ಜಾಗ ಹುಡುಕುವವರೆಗೆ ಹತ್ತು ಹದಿನೈದು ದಿನಕ್ಕೆ ಸರಿ. ಆಮೇಲೂ ನೆಂಟಸ್ತನ ಉಳಿಯಬೇಕಾದರೆ ಬೇಗ ಹೊರಡಿ.

ಸರ್ಕಾರಿ ಹಾಸ್ಟೆಲ್, ಕ್ಯಾಂಪಸ್ ಹಾಸ್ಟೆಲ್

"ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ" ಅಂತ ಬೋರ್ಡಿರುವುದು ಸರ್ಕಾರದ್ದು. ಹಿಂದುಳಿದ ವರ್ಗಗಳ ಇಲಾಖೆಯದಾದರೆ ಎಲ್ಲರೂ ಬಿಸಿಎಂ ಹಾಸ್ಟೆಲ್ ಅನ್ನುತ್ತಾರೆ. ಸಮಾಜ ಕಲ್ಯಾಣ ಇಲಾಖೆಯದು ಬೇರೆ. ಅರ್ಜಿ ಈಗ ಆನ್‌ಲೈನ್. ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಅದನ್ನು ರಿಸಲ್ಟ್ ಬರುವ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ. ಸೀಟು ಸಿಕ್ಕರೆ ಇರುವುದಕ್ಕೂ ಊಟಕ್ಕೂ ದುಡ್ಡಿಲ್ಲ. ಕಾಲೇಜು ಶುರುವಾದ ಮೇಲೆ ಆಯ್ಕೆ ಪಟ್ಟಿ ಬರುವುದೂ ಉಂಟು, ಆ ನಡುವಿನ ದಿನಗಳಿಗೆ ಒಂದು ಏರ್ಪಾಡು ಬೇಕಾಗುತ್ತದೆ. ನನ್ನ ಬ್ಯಾಚಿನ ಎಷ್ಟೋ ಹುಡುಗಿಯರು ಸೀನಿಯರ್ ಮಂಚದ ಪಕ್ಕ ಚಾಪೆ ಹಾಸಿಕೊಂಡು ಆ ದಿನ ಕಳೆದರು. ಲೆಕ್ಕದಲ್ಲಿ ಇಲ್ಲದ ಆ ಗೆಸ್ಟುಗಳು ಹಾಜರಿ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗುತ್ತಿದ್ದರು.

ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ: ಊಟ ವಸತಿಗೆ ಅಂತ ತಿಂಗಳಿಗೆ ಇಷ್ಟು ಅಂತ 10 ತಿಂಗಳಿಗೆ ಹಣ ಕೊಡುತ್ತಾರೆ. ಅರ್ಜಿ ಹಾಕಿ, ಆದರೆ ಸ್ಕಾಲರ್‌ಶಿಪ್ ಹಣ ನಂಬಿಕೊಂಡು ತಿಂಗಳ ಬಾಡಿಗೆಗೆ ಮಾತು ಕೊಡಬೇಡಿ. ಬಾಡಿಗೆಗೆ ಒಂದನೇ ತಾರೀಕು ಇರುತ್ತದೆ, ಸ್ಕಾಲರ್‌ಶಿಪ್ಪಿಗೆ ಇರುವುದಿಲ್ಲ.

ಇಲ್ಲಿ ಬೀಗದ ಕೈ ಪೂರ್ತಿ ವಾರ್ಡನ್ನಿನದು. ಸಂಜೆ ಗೇಟ್ ಟೈಮ್, ಬೆರಳಚ್ಚಿನ ಹಾಜರಿ, ಊರಿಗೆ ಹೋಗಲು ಔಟ್‌ಪಾಸ್, ಅದಕ್ಕೆ ಅಪ್ಪನ ಫೋನು. ಒಂದು ರೂಮಿನಲ್ಲಿ ಎಂಟು ಟ್ರಂಕು, ಸ್ನಾನಕ್ಕೆ ಬಕೆಟ್ಟಿನ ಸಾಲು. ಹೀಗಿದ್ದೂ ನನ್ನನ್ನು ಕೇಳಿದರೆ ಮೊದಲ ವರ್ಷದವಳಿಗೆ ಇದೇ ಸರಿಯಾದ ಜಾಗ, ಸುರಕ್ಷತೆಯ ಕಾರಣಕ್ಕೆ ಮಾತ್ರ ಅಲ್ಲ. ಮನೆಗೆ ಖರ್ಚಿಲ್ಲ ಅಂದರೆ "ಸಾಕು ಬಾ, ಮದುವೆ ಮಾಡ್ತೀವಿ" ಅನ್ನುವ ಮಾತಿನ ಬಲ ಅರ್ಧ ಕಡಿಮೆಯಾಗುತ್ತದೆ. ನಾಗಮಂಗಲದವಳು, ಎಚ್.ಡಿ. ಕೋಟೆಯವಳು, ಹನೂರಿನವಳು ಒಂದೇ ತಟ್ಟೆ ಸಾಲಿನಲ್ಲಿ ನಿಂತು ಪರಸ್ಪರರ ಊರಿನ ಮಾತು ಕಲಿಯುತ್ತಾರೆ. ಮುದ್ದೆಯೂ ಸಿಗುತ್ತದೆ. ನಗಬೇಡಿ, ಪೀಜಿಗೆ ಹೋದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಎಂಎ, ಎಂಎಸ್ಸಿಗೆ ಮಾನಸಗಂಗೋತ್ರಿಗೆ ಬರುವವರಿಗೆ ವಿಶ್ವವಿದ್ಯಾನಿಲಯದ ಹಾಸ್ಟೆಲ್ ಇದೆ. ಮೆಸ್ ಖರ್ಚನ್ನು ತಿಂಗಳ ಕೊನೆಗೆ ತಲೆಗೆ ಇಷ್ಟು ಅಂತ ಹಂಚುವ ಕಡೆ ಬಿಲ್ಲು ಏರಿಳಿಯುತ್ತಿರುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರಕ್ಕೆ ಒಬ್ಬಳೇ ನಡೆಯುವ ಸುಖ ಮಾತ್ರ ಬಿಟ್ಟಿ.

ಪೀಜಿ

ಪೀಜಿಯಲ್ಲಿ ರೂಮಿನ ಕೈ ನಿಮ್ಮದು, ಗೇಟಿನ ಕೈ ಅವರದು. ನಾನಿದ್ದದ್ದು ಮೂವರ ರೂಮು, ಊಟ ಸೇರಿ ತಿಂಗಳಿಗೆ 5,500. ಅಡುಗೆ ಇಲ್ಲ, ಪಾತ್ರೆ ಇಲ್ಲ, ಕಸ ಗುಡಿಸುವುದೂ ಇಲ್ಲ. ನರ್ಸಿಂಗ್ ಓದುವವರಿಗೆ, ಹೆಬ್ಬಾಳು, ಹೂಟಗಳ್ಳಿ ಕಡೆ ಕೆಲಸಕ್ಕೆ ಹೋಗುವವರಿಗೆ, ಪರೀಕ್ಷೆಗೆ ಕೂತು ಓದುವವರಿಗೆ ಇದು ದುಡ್ಡಿಗೆ ತಕ್ಕದ್ದೇ. ಊಟ? ಬೆಳಗ್ಗೆ ಚಿತ್ರಾನ್ನ, ರಾತ್ರಿ ಅನ್ನ, ತಟ್ಟೆಯಲ್ಲಿ ಮುಖ ಕಾಣುವಂಥ ಸಾರು. ಮಂಡ್ಯದ ಹುಡುಗಿ ನೀವಾಗಿದ್ದರೆ ಮೂರನೇ ವಾರಕ್ಕೆ ಬಸ್ಸಾರು ಕನಸಿಗೆ ಬರುತ್ತದೆ.

ಪೀಜಿ ನೋಡಲು ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಚೆನ್ನಾಗೇ ಕಾಣುತ್ತದೆ, ಯಾಕೆಂದರೆ ಹುಡುಗಿಯರು ಇರುವುದಿಲ್ಲ. ರಾತ್ರಿ ಎಂಟೂವರೆಗೆ, ಊಟದ ಹೊತ್ತಿಗೆ ಹೋಗಿ. ಓನರ್ ಜೊತೆ ಮಾತಾಡಿದ್ದು ಸಾಕು, ತಟ್ಟೆ ಹಿಡಿದು ನಿಂತವಳನ್ನು ಕೇಳಿ: ಬಿಸಿನೀರು ಎಷ್ಟು ಹೊತ್ತಿನವರೆಗೆ, ಬಾತ್‌ರೂಮು ಎಷ್ಟು ಜನಕ್ಕೆ ಒಂದು, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬ ಇದೆಯಾ, ಕ್ಯಾಮೆರಾ ಗೇಟಿಗೆ ಇದೆಯಾ ಅಥವಾ ಬಟ್ಟೆ ಒಣಗುವ ಜಾಗಕ್ಕೂ ಮುಖ ಮಾಡಿದೆಯಾ. ದಸರಾ ರಜೆಯಲ್ಲಿ ಅಡುಗೆ ಇರುತ್ತದಾ ಅಂತಲೂ ಕೇಳಿ.

ದುಡ್ಡಿನ ಮಾತು ಕಾಗದದಲ್ಲಿ ಇರಲಿ. 2021ರ ಏಪ್ರಿಲ್ ಕೊನೆಯಲ್ಲಿ ಕೊರೋನಾಕ್ಕೆ ಎರಡನೇ ಸಲ ಎಲ್ಲ ಮುಚ್ಚಿ ನಾವು ಊರಿಗೆ ಹೋದೆವು. ಮಂಚದ ಕೆಳಗೆ ಒಂದು ಬ್ಯಾಗು, ಹಾಸಿಗೆ ಇತ್ತು. ವಾಪಸ್ ಬಂದಾಗ ಆ ಬ್ಯಾಗು ವಾಸ ಮಾಡಿದ್ದಕ್ಕೆ ಎರಡು ತಿಂಗಳ ಅರ್ಧ ಬಾಡಿಗೆ ಕೊಟ್ಟು ಬಿಡಿಸಿಕೊಂಡೆವು. ರಜೆಯಲ್ಲಿ ಎಷ್ಟು ಕೊಡಬೇಕು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸಿನಲ್ಲಿ "ಮೇಂಟೆನೆನ್ಸ್" ಅಂತ ಎಷ್ಟು ಮುರಿಯುತ್ತಾರೆ, ಈ ಮೂರನ್ನು ಸೇರುವ ದಿನವೇ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ಮೂವರು ಸೇರಿ ಮನೆ ಮಾಡುವುದು

ಎಂಎಗೆ ಬಂದಾಗ ಮಾನಸಗಂಗೋತ್ರಿಗೆ ಅಂಟಿದಂತಿರುವ ಪಡುವಾರಹಳ್ಳಿಯಲ್ಲಿ ನಾವು ಮೂವರು ಮನೆ ಮಾಡಿದೆವು. ಮನೆ ಹುಡುಕುವುದು ಎಂಎಗಿಂತ ಕಷ್ಟದ ಪರೀಕ್ಷೆ. "ಟು ಲೆಟ್" ಬೋರ್ಡಿನ ಹಿಂದೆ ಮೂರು ಪ್ರಶ್ನೆ ಕಾಯುತ್ತಿರುತ್ತವೆ: "ನೀವು ಯಾವ ಜನ?" "ನಾನ್‌ವೆಜ್ ಮಾಡ್ತೀರಾ?" "ಹುಡುಗರು ಬರ್ತಾರಾ?" ಮೊದಲನೆಯದಕ್ಕೆ ಉತ್ತರ ಕೊಟ್ಟ ಮೇಲೆ, ಬಾಗಿಲಲ್ಲಿ ನಗುತ್ತಿದ್ದವರ ಮನೆ "ನಿನ್ನೆ ತಾನೇ ಬೇರೆಯವರಿಗೆ ಆಯ್ತು" ಆಗಿಬಿಡುತ್ತಿತ್ತು. ನಮ್ಮಲ್ಲಿ ಒಬ್ಬಳು ದಲಿತ ಹುಡುಗಿ. ಹನ್ನೊಂದು ಮನೆ ನೋಡಿದೆವು, ನಾಲ್ಕು ಹೀಗೇ ಹೋದವು. ಅವಳನ್ನು ಬಿಟ್ಟು ಇಬ್ಬರೇ ಹೋಗಿ ಮಾತಾಡೋಣ ಅಂತ ನಾನು ಒಮ್ಮೆ ಹೇಳಿದೆ. ಅವಳು ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗೇ ಮಾಡಿದಳು.

ಕೊನೆಗೆ ಕೆಲಸ ಮಾಡಿದ್ದು ಗೆಳತಿಯ ಅಮ್ಮ. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಹೂವು ಹಣ್ಣು ಹಿಡಿದು ಬಂದು "ನಮ್ ಮಕ್ಕಳು ಕಣವ್ವ, ಓದೋ ಮಕ್ಕಳು" ಅಂದರು. ಓನರ್ ಆಂಟಿ ಕಾಫಿ ಕೊಟ್ಟು 8,000 ಹೇಳಿದ್ದ ಬಾಡಿಗೆಯನ್ನು 7,500ಕ್ಕೆ ಇಳಿಸಿದರು. ಒಬ್ಬೊಬ್ಬಳಿಗೆ 2,500. ಅಡ್ವಾನ್ಸ್ 30,000, ತಲಾ 10,000. ದಿನಸಿ, ಗ್ಯಾಸು, ನೀರು ಎಲ್ಲ ಸೇರಿ ತಿಂಗಳಿಗೆ ನನ್ನ ಪಾಲು ಐದು ಸಾವಿರ ದಾಟುತ್ತಿರಲಿಲ್ಲ. ಪೀಜಿಗಿಂತ ಉಳಿಯುವುದು ಅಷ್ಟೇನಿಲ್ಲ, ಮೊದಲ ತಿಂಗಳಂತೂ ಕುಕ್ಕರ್, ಬಕೆಟ್, ಚಾಪೆ ಅಂತ ಹೆಚ್ಚೇ ಆಗುತ್ತದೆ. ದುಡ್ಡು ಉಳಿಸಲಿಕ್ಕೆ ಅಂತ ಮನೆ ಮಾಡುವವರು ಎರಡು ಸಲ ಯೋಚಿಸಿ.

ಕರಾರು ಪತ್ರ 11 ತಿಂಗಳಿಗೆ ಮಾಡುತ್ತಾರೆ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ ಕಾನೂನಿರುವುದರಿಂದ ಈ 11ರ ಲೆಕ್ಕ. ಒಬ್ಬಳ ಹೆಸರಲ್ಲಿ ಬೇಡ, ಮೂವರ ಹೆಸರೂ ಇರಲಿ. ಬಿಡುವಾಗ ಪೇಂಟಿಂಗಿಗೆ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ ಅನ್ನುವುದೂ ಅದರಲ್ಲೇ ಇರಲಿ. ಸೇರಿದ ದಿನವೇ ಗೋಡೆ, ನಲ್ಲಿ, ಕರೆಂಟ್ ಮೀಟರ್ ಎಲ್ಲದರ ಫೋಟೋ ತೆಗೆದಿಡಿ. ಮನೆಗೆ ಬೇರೆ ಮೀಟರ್ ಇದ್ದರೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಹಿಂದಿದ್ದವರು ಆ ಮೀಟರಿಗೆ ಜೋಡಿಸಿದ್ದ ತಮ್ಮ ಆಧಾರ್ ಬಿಡಿಸಿಕೊಂಡು ಹೋಗಿದ್ದಾರಾ ನೋಡಿ. ಗ್ಯಾಸಿಗೆ ವಿಳಾಸದ ದಾಖಲೆ ಇಲ್ಲದಿದ್ದರೂ 5 ಕೆಜಿಯ ಸಣ್ಣ ಸಿಲಿಂಡರನ್ನು ಗುರುತಿನ ಚೀಟಿ ತೋರಿಸಿ ತರಬಹುದು. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಯಾರ ಪಾಲಿಗೆ ಎಷ್ಟು, ಮೋಟರ್ ಸ್ವಿಚ್ ಯಾರ ಮನೆಯೊಳಗಿದೆ, ಇದನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ. ಸ್ವಿಚ್ ಓನರ್ ಮನೆಯೊಳಗಿದ್ದು ಅವರು ಧರ್ಮಸ್ಥಳಕ್ಕೆ ಹೋದಾಗ ನಾವು ತಲೆಗೆ ಸೀಗೆಕಾಯಿ ಹಾಕಿಕೊಂಡು ಕೂತಿದ್ದೆವು.

ಮೂವರಲ್ಲಿ ಒಬ್ಬಳು ನಡುವೆ ಬಿಟ್ಟುಹೋಗುವುದು ಖಂಡಿತ. ಬಿಎಡ್ ಸೀಟು, ಮದುವೆ, ಬೆಂಗಳೂರಿನ ಕೆಲಸ, ಏನೋ ಒಂದು. ಹೊಸದಾಗಿ ಬರುವವಳು ಹೋಗುವವಳಿಗೇ ನೇರ ಅಡ್ವಾನ್ಸ್ ಕೊಡುವುದು, ಓನರ್‌ಗೆ ಹೇಳಿ ಕರಾರಿನಲ್ಲಿ ಹೆಸರು ಬದಲಿಸುವುದು ಸುಲಭದ ದಾರಿ. ಹೊಸಬಳು ಸಿಗುವವರೆಗೆ ಅವಳ ಪಾಲಿನ ಬಾಡಿಗೆ ಯಾರದು? ಇದನ್ನು ಮೂವರೂ ನಗುನಗುತ್ತಾ ಇರುವ ಮೊದಲ ವಾರದಲ್ಲೇ ಮಾತಾಡಿಕೊಳ್ಳಿ.

ಜಗಳ ಬಂದದ್ದು ದುಡ್ಡಿಗಲ್ಲ, ಪಾತ್ರೆಗೆ. ಒಬ್ಬಳಿಗೆ ತಿಂದ ತಕ್ಷಣ ತೊಳೆಯಬೇಕು, ಇನ್ನೊಬ್ಬಳಿಗೆ ಬೆಳಗ್ಗೆ ಆದರೂ ಆಯಿತು. ವಾರದ ಸರದಿ ಬರೆದು ಗೋಡೆಗೆ ಅಂಟಿಸಿದೆವು, ನಡೆಯಲಿಲ್ಲ. ಆಮೇಲೆ ಅವರವರ ತಟ್ಟೆ ಲೋಟ ಅವರವರದು, ಕುಕ್ಕರ್ ಮಾತ್ರ ಸರದಿ ಅಂತ ಮಾಡಿದೆವು, ನಡೆಯಿತು. ರಾತ್ರಿ ಒಬ್ಬಳು ಮುದ್ದೆ ತಿರುವಿದರೆ ಇನ್ನೊಬ್ಬಳು ಉಪ್ಸಾರಿಗೆ ಕಾರ ಅರೆಯುತ್ತಿದ್ದಳು. ಭಾನುವಾರ ಕೋಳಿ ತಂದ ದಿನ ಕಿಟಕಿ ಮುಚ್ಚಿ ಒಗ್ಗರಣೆ ಹಾಕುತ್ತಿದ್ದೆವು. ಮೂರನೇ ತಿಂಗಳು ಓನರ್ ಆಂಟಿಯೇ ಮೆಟ್ಟಿಲಲ್ಲಿ ನಿಲ್ಲಿಸಿ ಮೆಲ್ಲಗೆ "ಮಸಾಲೆ ಏನು ಹಾಕ್ತೀರ?" ಅಂತ ಕೇಳಿದರು.

ಅಮ್ಮಂದಿರು ಕೇಳುವ ಸುರಕ್ಷತೆಯ ಮಾತು. ಮೊದಲ ಮಹಡಿಯ ಮನೆ, ಒಳಗಿನಿಂದ ಗಟ್ಟಿ ಚಿಲಕ, ಬೀದಿ ದೀಪ, ಎದುರಿಗೆ ಅಂಗಡಿ, ಇವಿಷ್ಟು ನೋಡಿ. ಎದುರು ಅಂಗಡಿಯವರಿಗೆ ನಾವು ಎಷ್ಟು ಹೊತ್ತಿಗೆ ಬಂದೆವು ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದು ಕಾವಲೂ ಹೌದು, ಕಾಟವೂ ಹೌದು. ಮೈಸೂರಿನ ಒಳಬೀದಿಗಳು ಒಂಬತ್ತೂವರೆಗೇ ನಿದ್ದೆಗೆ ಇಳಿಯುತ್ತವೆ, ತಡವಾದರೆ ಒಬ್ಬಳೇ ಬರದೆ ಇನ್ನೊಬ್ಬಳನ್ನು ಸರ್ಕಲ್ಲಿಗೆ ಕರೆಸಿಕೊಳ್ಳುವುದು ನಮ್ಮ ರೂಢಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಒಂದು ರಾತ್ರಿ ಗೆಳತಿಗೆ ಜ್ವರ ಏರಿ ನಡುಗುತ್ತಿದ್ದಾಗ ಆಟೋ ಹಿಡಿದು ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾವಿಬ್ಬರೇ. ಫಾರ್ಮಿನಲ್ಲಿ "ಪೋಷಕರು" ಅನ್ನುವ ಜಾಗದಲ್ಲಿ ನನ್ನ ಹೆಸರು ಬರೆದೆ. ಇಪ್ಪತ್ತೆರಡು ವರ್ಷ ನನಗೆ. ಕೈ ನಡುಗಿತು, ಆದರೂ ಬರೆದೆ.

ಯಾವ ಬಡಾವಣೆ

ಮಾನಸಗಂಗೋತ್ರಿಯವರಿಗೆ ಪಡುವಾರಹಳ್ಳಿ, ಸರಸ್ವತಿಪುರಂ, ಟಿ.ಕೆ. ಲೇಔಟ್. ಮಹಾರಾಣಿ, ಮಹಾರಾಜ, ಯುವರಾಜದವರಿಗೆ ಚಾಮರಾಜಪುರಂ, ಲಕ್ಷ್ಮೀಪುರಂ. ಗೋಕುಲಂ ಚಂದದ ಜಾಗ, ಆದರೆ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆ ಮೇಲೆ ಹತ್ತಿ ಕೂತಿದೆ. ಸಯ್ಯಾಜಿರಾವ್ ರಸ್ತೆಯ ಆಸುಪಾಸು ಮನೆ ಮಾಡಿದರೆ ಜಂಬೂಸವಾರಿ ದಿನ ಇಡೀ ಊರೇ ನಿಮ್ಮ ಮನೆಗೆ ನೆಂಟರಾಗಿ ಬರುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಹಾಗಾಗಿ ವಾಟ್ಸಾಪಿನಲ್ಲಿ ನಾನು ಬರೆಯುವುದು ಇದು: ಮೊದಲ ವರ್ಷ ಹಾಸ್ಟೆಲ್ಲಿಗೆ ಅರ್ಜಿ ಹಾಕು. ಸಿಗದಿದ್ದರೆ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದ ಪೀಜಿ ಹಿಡಿ, ವರ್ಷಕ್ಕೆ ಅಂತ ಒಪ್ಪಬೇಡ, ತಿಂಗಳ ಲೆಕ್ಕಕ್ಕೆ ಸೇರು. ಆ ವರ್ಷದಲ್ಲಿ ಯಾರ ಜೊತೆ ಪಾತ್ರೆಯ ವಿಷಯಕ್ಕೆ ಜಗಳ ಆಡಿಯೂ ಮಾರನೇ ದಿನ ಒಟ್ಟಿಗೆ ಕಾಲೇಜಿಗೆ ಹೋಗಬಲ್ಲೆ ಅಂತ ನೋಡಿಕೋ. ಅಂಥವರು ಇಬ್ಬರು ಸಿಕ್ಕರೆ ಮನೆ ಮಾಡು. ಸಿಗದಿದ್ದರೆ ಎಲ್ಲಿದ್ದೀಯೋ ಅಲ್ಲೇ ಇರು, ಅವಸರ ಇಲ್ಲ.

ಮನೆ ಮಾಡಿದರೆ ಇನ್ನೊಂದು. ಮೂವರಿದ್ದರೂ ಓನರ್ ನಮಗೆ ಕೊಟ್ಟದ್ದು ಎರಡೇ ಕೀ. ಮೂರನೆಯದನ್ನು, ಅವರಿಗೆ ಹೇಳಿಯೇ, ಪಾತ್ರೆ ಪಗಡೆ ತರುವ ಮೊದಲೇ ಕೀ ಮಾಡುವವನ ಹತ್ತಿರ ಮಾಡಿಸಿಕೊಂಡು ಬಂದೆವು. ಅಮ್ಮ ಮೊದಲ ಸಲ ರಾಗಿ ಹಿಟ್ಟಿನ ಚೀಲ ಹೊತ್ತು ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು. ಹೊರಡುವಾಗ "ಇನ್ನೊಂದು ಮಾಡ್ಸು" ಅಂದಳು. ನಾಲ್ಕನೆಯದು ಈಗಲೂ ಊರಲ್ಲಿ ದೇವರ ಗೂಡಿನ ಮೊಳೆಗೆ ನೇತಾಡುತ್ತಿದೆ, ಆ ಮನೆ ಬಿಟ್ಟು ಎಷ್ಟೋ ದಿನವಾದರೂ.